ನಾಗಪುರಕ್ಕೂ ಹನೋಯ್‌ಗೂ ಒಂದೇ ಅಕ್ಷಾಂಶ. ಮತ್ತ ಇಲ್ಲೆ ಈ ಪರಿ ಥಂಡಿ ಯಾಕ?

ಧಾರವಾಡದಾಕಿ (ಹನೋಯ್, ವಿಯೆಟ್ನಾಂ)

ಎಲ್ಲಾರಿಗೂ ನಮಸ್ಕಾರ್ರಿ. ಭೂಗೋಳ, ಹವಾಮಾನ ತಿಳದವರು ಯಾರರ ಇದ್ರ ಸ್ವಲ್ಪ ಬಿಡಿಸಿ ಹೇಳ್ರಿ.

ನಾವು ಧಾರವಾಡದವ್ರು. ಮನಿಯವರ ನೌಕರಿ ಸಲುವಾಗಿ ಆರು ವರ್ಷ ನಾಗಪುರದಾಗ ಇದ್ವಿ, ಈಗ ಎರಡನೇ ವರ್ಷ ಹನೋಯ್‌ನಾಗ ಇದ್ದೀವಿ. ಬರೂಕಿಂತ ಮೊದಲ ನಕಾಶೆ ತಗದು ನೋಡಿದ್ದೆ. ನಾಗಪುರ 21 ಡಿಗ್ರಿ ಉತ್ತರ, ಹನೋಯ್ ಸುದ್ದಾ 21 ಡಿಗ್ರಿ ಉತ್ತರ. ಅದರ ಮ್ಯಾಲ ನಾಗಪುರ ನಡು ನೆಲದಾಗ ಅದ, ಹನೋಯ್ ಸಮುದ್ರಕ್ಕ ಹತ್ರ ಅದ. ‘ಅಲ್ಲೆ ಸೆಕಿ ಇರ್ತದ, ಸ್ವೆಟರ್ ಯಾಕ ಬೇಕು’ ಅಂತ ಉಣ್ಣಿ ಅರಬಿ ಎಲ್ಲಾ ನಾದಿನಿ ಮನ್ಯಾಗ ಇಟ್ಟು ಬಂದೆ. ಮೊದಲನೇ ಜನವರಿಗೇ ಬುದ್ಧಿ ಬಂತು.

ಈಗ ಐದು ದಿನದಿಂದ ಸೂರ್ಯನ ಮಾರಿ ನೋಡಿಲ್ಲ. ಮುಂಜಾನೆ 9 ಡಿಗ್ರಿ, ಮಧ್ಯಾಹ್ನ ಹನ್ನೊಂದು. ಅಷ್ಟ. ಆಕಾಶ ಬೂದಿ ಬಳದಂಗ ಇರ್ತದ, ನಡುನಡುಕ ಜರಡಿ ಹಿಡದಂಗ ಸಣ್ಣ ಮಳಿ. ಬುಧವಾರ ಒಗದ ಅರಬಿ ಶನಿವಾರ ಆದ್ರೂ ಆರವಲ್ವು. ಮಗನ ಸಾಲಿ ಪ್ಯಾಂಟ್ ಮ್ಯಾಲ ಇಸ್ತ್ರಿ ಆಡಿಸಿ ಆಡಿಸಿ ಒಣಗಸ್ತೀನಿ. ಮನ್ಯಾಗ ಹೀಟರ್ ವ್ಯವಸ್ಥೆ ಇಲ್ಲ, ಫರಶಿ ಮ್ಯಾಲ ಕಾಲಿಟ್ರ ಝುಂ ಅಂತದ. ಇಡ್ಲಿ ಹಿಟ್ಟು ಎರಡು ದಿನ ಇಟ್ರೂ ಉಬ್ಬಲಿಲ್ಲ, ಕಡೀಕ ದ್ವಾಸಿ ಹಾಕಿ ಮುಗಿಸಿದೆ.

ಇಲ್ಲೆ ಒಂದು ನಿಯಮ ಅದ. ಮುಂಜಾನೆ 10 ಡಿಗ್ರಿಕ್ಕಿಂತ ಕೆಳಗ ಇಳದ್ರ ಸಣ್ಣ ಹುಡುಗ್ರ ಸಾಲಿ ಸೂಟಿ. 7ಕ್ಕಿಂತ ಕೆಳಗ ಹೋದ್ರ ಮಾಧ್ಯಮಿಕದವ್ರಿಗೂ ಸೂಟಿ. ನಮ್ಮ ಹುಡುಗ ಮೂರನೇತ್ತಾ. ದಿನಾ ಆರು ಗಂಟೆಕ್ಕ ಎದ್ದು ಫೋನಿನಾಗ ಟೆಂಪರೇಚರ್ ನೋಡೂದ ಅವನ ದೇವರ ಪೂಜಿ ಆಗೇದ.

ಎದುರುಮನಿ ಅಜ್ಜಿನ್ನ ಕೇಳಿದ್ರ ‘ಝೋ ಮುವಾ ಡೋಂಗ್ ಬಾಕ್’ ಅಂತಾರ. ಈಶಾನ್ಯದ ಗಾಳಿ ಅಂತ ಅರ್ಥ ಅಂತ. ಗಾಳಿ ಅನ್ನೂದು ತಿಳೀತು. ಆದ್ರ ಆ ಗಾಳಿ ನಾಗಪುರಕ್ಕ ಯಾಕ ಬರಲಿಲ್ಲ? ಆರು ವರ್ಷದಾಗ ಅಲ್ಲೆ ಜನವರಿ ಮಧ್ಯಾಹ್ನ ನಾನು ಸ್ವೆಟರ್ ಹಾಕಿದ್ದ ನೆನಪ ಇಲ್ಲ.


ಹ್ಯೂಸ್ಟನ್_ಹಾಸನ

ಅಕ್ಕಾ, ನಿಮ್ಮ ಕಷ್ಟ ಓದಿ ಇದು ನಮ್ಮೂರಿನ ಕಥೆ ಅನ್ನಿಸ್ತು. ಹವಾಮಾನ ತಜ್ಞ ನಾನಲ್ಲ, ಆದ್ರೆ ಟೆಕ್ಸಾಸ್‌ನಲ್ಲಿದ್ದರೆ ಅರ್ಧ ತಜ್ಞ ಆಗಿಬಿಡ್ತೀವಿ.

ಹ್ಯೂಸ್ಟನ್ ಇರೋದು 29.8 ಡಿಗ್ರಿ ಉತ್ತರದಲ್ಲಿ, ದೆಹಲಿ 28.6. ಹೆಚ್ಚುಕಮ್ಮಿ ಒಂದೇ ಸಾಲು. ದೆಹಲಿಯಲ್ಲಿ ಸೊನ್ನೆ ಮುಟ್ಟೋದೇ ಅಪರೂಪ, ಮುಟ್ಟಿದ್ರೆ ಪತ್ರಿಕೆಯ ಮುಖಪುಟ. ಇಲ್ಲಿ 2021ರ ಫೆಬ್ರವರಿ 16ರ ಬೆಳಗ್ಗೆ ನಮ್ಮೂರು ಮೈನಸ್ 10, ಡಲ್ಲಾಸ್ ಮೈನಸ್ 19. ಕರೆಂಟ್ ಹೋಗಿ ಒಂದೂವರೆ ದಿನ. ಈ ಊರಿನ ಮನೆಗಳಲ್ಲಿ ನೀರಿನ ಪೈಪು ಅಟ್ಟದ ಮೇಲೆ ಓಡುತ್ತೆ, ಯಾಕಂದ್ರೆ ಕಟ್ಟಿದವರ ತಲೇಲಿ ಬರೀ ಸೆಕೆ ಇತ್ತು. ನಮ್ಮದು ಎರಡನೇ ರಾತ್ರಿ ಒಡೀತು. ಸೀಲಿಂಗಿನ ಶೀಟು ಒದ್ದೆಯಾಗಿ ಹೊಟ್ಟೆ ಬಿಟ್ಟುಕೊಂಡು, ಊಟದ ಮೇಜಿನ ಮೇಲೆ ದಬ್ ಅಂತ ಬಿತ್ತು. ಅಮ್ಮ ಊರಿಂದ ಕಳಿಸಿದ್ದ ಸಾರಿನ ಪುಡಿ ಡಬ್ಬ ಮುಚ್ಚಳ ತೆಗೆದು ಇಟ್ಟಿದ್ದೆ ಅಲ್ಲಿ. ಪೈಪಿನ ಬಿಲ್ಲಿಗಿಂತ ಅದರದ್ದೇ ಸಂಕಟ ಜಾಸ್ತಿ.

ಇಲ್ಲಿನ ಹಳಬರು ಒಂದು ಮಾತು ಹೇಳ್ತಾರೆ: ಉತ್ತರ ಧ್ರುವಕ್ಕೂ ಟೆಕ್ಸಾಸಿಗೂ ನಡುವೆ ಅಡ್ಡ ಇರೋದು ಒಂದೇ ಒಂದು ಮುಳ್ಳುತಂತಿ ಬೇಲಿ. ತಮಾಷೆ ಅಂದುಕೊಂಡಿದ್ದೆ. ನಕಾಶೆ ತೆಗೆದು ನೋಡಿ, ಕೆನಡಾದ ಉತ್ತರ ತುದಿಯಿಂದ ಮೆಕ್ಸಿಕೋ ಕೊಲ್ಲಿಯವರೆಗೆ ಒಂದೇ ಬಯಲು. ರಾಕಿ ಪರ್ವತ ಇದೆ, ಆದ್ರೆ ಅದು ಉತ್ತರ–ದಕ್ಷಿಣವಾಗಿ ಪಶ್ಚಿಮದ ಗೋಡೆಗೆ ಒರಗಿ ನಿಂತಿದೆ. ಚಳಿಯ ದಾರಿಗೆ ಅಡ್ಡ ಬರೋ ಬದಲು ದಾರಿಗೆ ಪಕ್ಕದ ಕಟ್ಟೆ ಕಟ್ಟಿಕೊಟ್ಟ ಹಾಗಿದೆ.

ಅದು ಬರೋ ಜೋರು ನೋಡ್ಬೇಕು ನೀವು. ಮಧ್ಯಾಹ್ನ ಅರ್ಧ ತೋಳಿನ ಅಂಗಿಯಲ್ಲಿ ಹುಲ್ಲು ಕತ್ತರಿಸ್ತಾ ಇರ್ತೀವಿ, ಉತ್ತರದ ಅಂಚಿನಲ್ಲಿ ನೀಲಿಗಪ್ಪು ಗೆರೆ ಏಳುತ್ತೆ, ಮಷೀನ್ ಒಳಗಿಟ್ಟು ಬರೋ ಹೊತ್ತಿಗೆ ಹಲ್ಲು ಕಟಕಟ. ‘ಬ್ಲೂ ನಾರ್ದರ್’ ಅಂತಾರೆ. ಒಕ್ಲಹೋಮಾ ಸಿಟಿಯಲ್ಲಿ 1911ರ ನವೆಂಬರ್ 11ರಂದು ಹಗಲು 28 ಡಿಗ್ರಿ, ಅದೇ ದಿನ ನಡುರಾತ್ರಿಗೆ ಮೈನಸ್ 8. ಆ ತಾರೀಕಿನ ಗರಿಷ್ಠ ದಾಖಲೆ, ಕನಿಷ್ಠ ದಾಖಲೆ ಎರಡೂ ಒಂದೇ ದಿನದ್ದು, ಇವತ್ತಿಗೂ ಮುರಿದಿಲ್ಲ.

ನಿಮ್ಮೂರಿನ ಉತ್ತರಕ್ಕೂ ಚೀನಾದ ಬಯಲು ಅಲ್ವಾ? ನಾಗಪುರದ ಉತ್ತರಕ್ಕೆ ಹಿಮಾಲಯ. ನನ್ನ ತಲೆಗೆ ಹೊಳೆಯೋದು ಇಷ್ಟು.


ಬೀದರ್_ಕೋಟೆ

ಹಿಮಾಲಯ ತಡೀತದ, ಹಿಮಾಲಯ ತಡೀತದ ಅಂತ ಐದನೇ ಕ್ಲಾಸಿನಿಂದ ಕೇಳಿ ಕೇಳಿ ಸಾಕಾಗೇದ. ತಡದ್ರ ನಮ್ಮ ಬೀದರದಾಗ ಡಿಸೆಂಬರ್‌ಗ ಒಂದಂಕಿಗೆ ಯಾಕ ಇಳೀತದ? ನಸುಕಿನಾಗ ಬಸ್ ಸ್ಟ್ಯಾಂಡ್ ಮುಂದ ಟೈರ್ ಸುಟ್ಟು ಕಾಯಸ್ಕೊಂತ ಕುಂತವರ ಮುಂದ ಬಂದು ಈ ಮಾತು ಹೇಳ್ರಿ ನೋಡೂಣು.

ಅಕ್ಕಾರ, ನೀವು ಹೇಳೂ ನಾಗಪುರ ಸುದ್ದಾ 2018ರ ಡಿಸೆಂಬರ್ 29ಕ್ಕ 3.5 ಡಿಗ್ರಿ ಮುಟ್ಟಿತ್ತು. ನಾನು ಆವಾಗ ಅಲ್ಲೇ ಇದ್ದೆ. ನಿಮ್ಮ ಹನೋಯ್‌ದಾಗ ಇಲ್ಲೀತನಕ ಭಾಳ ಕಡಿಮಿ ಅಂದ್ರ 1955ರ 2.7. ಹೆಚ್ಚು ಫರಕ್ ಏನದ ಇದರಾಗ? ನಿಮಗ ನೆಲ ಹೊಸಾದು, ಅದಕ್ಕ ಥಂಡಿ ಹೆಚ್ಚು ಅನಸ್ತದ, ಅಷ್ಟ.


ಭೂಗೋಳ_ಮೇಷ್ಟ್ರು (ನಿವೃತ್ತ, ತುಮಕೂರು ಜಿಲ್ಲೆ)

ಬೀದರಿನವರು ಎತ್ತಿರುವ ತಕರಾರು ಒಳ್ಳೆಯ ತಕರಾರು. ಮೂವತ್ತೊಂದು ವರ್ಷ ಪಾಠ ಮಾಡಿದೆ. ಹಿಮಾಲಯ ತಡೆಯುತ್ತೆ ಅಂದಾಗ ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಕೇಳಿದ ಹುಡುಗರು ಇಬ್ಬರೋ ಮೂವರೋ. ಆದ್ದರಿಂದ ಅಲ್ಲಿಂದಲೇ ಶುರು ಮಾಡ್ತೀನಿ.

ತಾಯೀ, ನಾಗಪುರದ ಜನವರಿಯನ್ನು ಹಗಲು ಬೇರೆ, ರಾತ್ರಿ ಬೇರೆ ಮಾಡಿ ನೋಡಿ. ರಾತ್ರಿ ಸುಮಾರು 13, ಹಗಲು 28ರ ಮೇಲೆ. ಹನೋಯ್‌ನಲ್ಲಿ ರಾತ್ರಿ 14–15, ಹಗಲು 20. ರಾತ್ರಿ ಲೆಕ್ಕದಲ್ಲಿ ನಾಗಪುರವೇ ತಣ್ಣಗೆ! ವ್ಯತ್ಯಾಸ ಇರೋದೆಲ್ಲ ಹಗಲಿನಲ್ಲಿ. ನಾಗಪುರ, ಬೀದರ್, ನಮ್ಮ ಪಾವಗಡ ಇಲ್ಲೆಲ್ಲ ಚಳಿಗಾಲದ ಆಕಾಶ ತೊಳೆದಿಟ್ಟ ಹಾಗೆ, ಗಾಳಿ ಒಣ. ಸೂರ್ಯ ಮುಳುಗಿದ ಮೇಲೆ ನೆಲದ ಶಾಖ ನೇರ ಆಕಾಶಕ್ಕೆ ಹೋಗಿಬಿಡುತ್ತೆ, ಹೊದಿಯೋಕೆ ಮೋಡದ ಕಂಬಳಿ ಇಲ್ಲ. ಬೆಳಗಿನ ಜಾವ ನಡುಕ. ಒಂಬತ್ತು ಗಂಟೆಗೆ ಬಿಸಿಲು ಬಿದ್ದರೆ ಎಲ್ಲ ಮಾಯ, ಮಧ್ಯಾಹ್ನ ಫ್ಯಾನ್ ಹಾಕ್ತೀರಿ. ಇದು ಮನೆಯಲ್ಲೇ ಹೆಪ್ಪಾದ ಚಳಿ. ಹನೋಯ್‌ನದು ಲಾರಿಯಲ್ಲಿ ಬಂದು ಇಳಿದ ಚಳಿ. ಅಲ್ಲಿ ಗಾಳಿಯೇ ಬೇರೆಯದು, ಸೈಬೀರಿಯಾ–ಮಂಗೋಲಿಯಾದಲ್ಲಿ ತಯಾರಾದದ್ದು. ಅದಕ್ಕೆ ಹಗಲು ರಾತ್ರಿ ಭೇದ ಇಲ್ಲ, ಮೇಲೆ ಮೋಡ ಮುಚ್ಚಿದ್ದರೆ ಬಿಸಿಲೂ ಒಳಗೆ ಬರಲ್ಲ. ನಿಮ್ಮ ಅರಬಿ ಒಣಗದಿರುವುದೇ ಅದಕ್ಕೆ ಸಾಕ್ಷಿ.

ಬೀದರಿನ ಚಳಿ ಪೂರ್ತಿ ಮನೆಯದ್ದೇ ಅಂತಲೂ ಹೇಳಲಾರೆ. ಮೆಡಿಟರೇನಿಯನ್ ಕಡೆಯಿಂದ ಬರುವ ‘ಪಶ್ಚಿಮದ ಅಡಚಣೆ’ಗಳು (ಚಳಿಗಾಲದಲ್ಲಿ ಮಳೆ, ಹಿಮ ತರುವ ಗಾಳಿಯ ಸುಳಿಗಳು) ಕಾಶ್ಮೀರ ದಾಟಿ ಹೋದ ಮೇಲೆ, ಅಫ್ಘಾನಿಸ್ತಾನ–ಪಾಕಿಸ್ತಾನದ ಕಡೆಯಿಂದ ವಾಯವ್ಯದ ಒಣ ತಂಗಾಳಿ ಒಂದಿಷ್ಟು ನುಸುಳುತ್ತೆ. ಅಲ್ಲಿ ಬೆಟ್ಟ ಹಿಮಾಲಯದಷ್ಟು ಎತ್ತರ ಇಲ್ಲ. ಮುಂಬೈ 1962ರ ಜನವರಿ 22ರಂದು 7.4ಕ್ಕೆ ಇಳಿದಿತ್ತು. ಕದ ಹಾಕಿದ್ದರೂ ಸಂದಿಯಲ್ಲಿ ಗಾಳಿ ಬರೋದಿಲ್ಲವೇ, ಹಾಗೆ.

ಈಗ ಕದದ ವಿಷಯ. ನಾನು ತರಗತಿಗೆ ಮನೆಯಿಂದ ದೊಡ್ಡ ಹರಿವಾಣ ತರುತ್ತಿದ್ದೆ, ಕೆರೆಯ ಜೇಡಿಮಣ್ಣು, ಒಂದು ಚೊಂಬು ಮಜ್ಜಿಗೆ. ಹರಿವಾಣದ ನಡುವೆ ಎಡಭಾಗಕ್ಕೆ ಪೂರ್ವ–ಪಶ್ಚಿಮವಾಗಿ ಮಣ್ಣಿನ ಗೋಡೆ. ಉತ್ತರದ ಅಂಚನ್ನು ಒಂದು ಪುಸ್ತಕ ಇಟ್ಟು ಎತ್ತರಿಸಿ ಮಜ್ಜಿಗೆ ಸುರಿಯೋದು. ಗೋಡೆಯ ತನಕ ಬಂದು ನಿಲ್ಲುತ್ತೆ, ತುಂಬಿಕೊಳ್ಳುತ್ತೆ, ಆಮೇಲೆ ಗೋಡೆಯ ಬಲತುದಿ ಹುಡುಕಿಕೊಂಡು ಸುತ್ತಿ ಕೆಳಗಿಳಿಯುತ್ತೆ. ‘ಸಾರ್, ಮಜ್ಜಿಗೆ ಚೀನಾಕ್ಕೆ ಹೋಯ್ತು!’ ಅಂತ ಮಕ್ಕಳು ಕಿರುಚೋರು. ಪಾಠ ಮುಗೀತು. (ಮಿಕ್ಕ ಮಜ್ಜಿಗೆಗೆ ಉಪ್ಪು ಹಾಕಿ ಕುಡೀತಿದ್ದವರು ಯಾರು ಅಂತ ಕೇಳಬೇಡಿ.)

ಮಜ್ಜಿಗೆಯೇ ಯಾಕೆ ಅಂದರೆ ತಣ್ಣನೆ ಗಾಳಿ ಭಾರ, ನೆಲ ತಬ್ಬಿಕೊಂಡೇ ಹರಿಯುತ್ತೆ. ಸೈಬೀರಿಯಾದ ಉದ್ದ ರಾತ್ರಿಯಲ್ಲಿ ಹಿಮದ ಮೇಲೆ ಗಾಳಿ ತಣ್ಣಗಾಗಿ ಕೆಳಗೆ ಕೂತು ರಾಶಿ ಬೀಳುತ್ತೆ. ಮಂಗೋಲಿಯಾದ ತೊಸೊಂತ್ಸೆಂಗೆಲ್‌ನಲ್ಲಿ 2001ರ ಡಿಸೆಂಬರ್‌ನಲ್ಲಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ವಾಯುಭಾರ 1085 ಹೆಕ್ಟೊಪಾಸ್ಕಲ್ ಬಂದಿತ್ತು. ನಮ್ಮಲ್ಲಿ ಸಾಮಾನ್ಯಕ್ಕೆ 1010–1015. ಅಷ್ಟು ಭಾರದ ರಾಶಿ ಜಾರಲೇಬೇಕು. ಆದರೆ ಜಾರುವ ಆ ಪದರದ ದಪ್ಪ ಒಂದೆರಡು ಕಿಲೋಮೀಟರ್ ಮಾತ್ರ. ಎದುರಿಗೆ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದ ಟಿಬೆಟ್, ಅದರ ದಕ್ಷಿಣದ ಅಂಚಿಗೆ 2,400 ಕಿಲೋಮೀಟರ್ ಉದ್ದದ ಹಿಮಾಲಯ. ಮೊಣಕಾಲುದ್ದದ ನೀರು ಆಳೆತ್ತರದ ಗೋಡೆ ಹತ್ತೀತೇ?

‘ಹತ್ತಿ ಬಂದರೆ?’ ಅಂತ ಕೇಳಬಹುದು. ಬಂದರೂ ಪ್ರಯೋಜನವಿಲ್ಲ. ಗಾಳಿ ಕೆಳಗಿಳಿಯುವಾಗ ಒತ್ತಡಕ್ಕೆ ಸಿಕ್ಕಿ ಕಾಯುತ್ತೆ, ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಐದು ಕಿಲೋಮೀಟರ್ ಎತ್ತರದಲ್ಲಿ ಮೈನಸ್ 30 ಇದ್ದ ಗಾಳಿ ಬಿಹಾರದ ಬಯಲಿಗೆ ಬಂದು ಇಳಿಯೋ ಹೊತ್ತಿಗೆ ಪ್ಲಸ್ 20. ಸ್ವೆಟರ್ ಬೇಡ.

ಹೀಗಾಗಿ ನಮ್ಮ ಪಾಲಿಗೂ ಬರಬೇಕಿದ್ದ ಚಳಿಯನ್ನು ಪೂರ್ವ ಚೀನಾದವರು ಉಣ್ಣುತ್ತಾರೆ. ಕೋಲ್ಕತ್ತ, ಹಾಂಗ್‌ಕಾಂಗ್ ಎರಡೂ 22 ಡಿಗ್ರಿಯ ಮೇಲೆ ಚೂರು, ಎರಡೂ ಸಮುದ್ರದ ಮಗ್ಗುಲು. ಕೋಲ್ಕತ್ತದ ದಾಖಲೆ 1899ರ 6.7. ಹಾಂಗ್‌ಕಾಂಗ್‌ನದು 1893ರ ಜನವರಿ 18ರಂದು ಸೊನ್ನೆ! 2016ರ ಜನವರಿ 24ರಂದು ಹಾಂಗ್‌ಕಾಂಗ್ 3.1ಕ್ಕೆ ಇಳಿದಾಗ ಪಕ್ಕದ ಗುವಾಂಗ್‌ಝೌನಲ್ಲಿ ಹಿಮ ಬೆರೆತ ಮಳೆ ಬಿತ್ತು. ಅದೇ ದಿನ ನಿಮ್ಮ ಹನೋಯ್ ಪಕ್ಕದ ಬಾ ವಿ ಬೆಟ್ಟದ ಮೇಲೂ ಹಿಮ. ಜನ ಬೈಕ್ ಏರಿ ನೋಡೋಕೆ ಹೋದರು.

ಚೀನಾದೊಳಗೇ ಇನ್ನೊಂದು ಚೆಂದದ ಉದಾಹರಣೆ ಇದೆ, ನನಗೆ ಬಹಳ ಇಷ್ಟವಾದದ್ದು. ಗುಯಿಯಾಂಗ್ ಅಂತ ಊರು, 1,100 ಮೀಟರ್ ಎತ್ತರ. ಅದರ ಪಶ್ಚಿಮಕ್ಕೆ ಕುನ್‌ಮಿಂಗ್, 1,900 ಮೀಟರ್. ಎತ್ತರದ ಊರು ತಣ್ಣಗಿರಬೇಕು ತಾನೆ? ಜನವರಿಯಲ್ಲಿ ಕುನ್‌ಮಿಂಗ್ ಸರಾಸರಿ 9, ಗುಯಿಯಾಂಗ್ 5. ಬಯಲಿಂದ ಏರಿ ಬರುವ ತಣ್ಣನೆ ಗಾಳಿ ಯುನ್ನಾನ್ ಪ್ರಸ್ಥಭೂಮಿಯ ಮೆಟ್ಟಿಲಿನಲ್ಲಿ ಉಸಿರು ಕಟ್ಟಿ ನಿಂತುಬಿಡುತ್ತೆ. ಗೆರೆ ಎಳೆದ ಹಾಗೆ ಆ ಕಡೆ ದಿನಗಟ್ಟಲೆ ಮೋಡ, ಈ ಕಡೆ ಬಿಸಿಲು.

ವಿಯೆಟ್ನಾಂನ ಕಥೆ ಇದಕ್ಕೆ ತದ್ವಿರುದ್ಧ. ಹನೋಯ್‌ನ ಈಶಾನ್ಯದ ನಕಾಶೆ ತೆಗೆಯಿರಿ. ಸೊಂಗ್ ಗಾಮ್, ನ್ಗಾನ್ ಸೊನ್, ಬಾಕ್ ಸೊನ್, ಡೊಂಗ್ ಚಿಯೂ ಅಂತ ನಾಲ್ಕು ಬೆಟ್ಟಸಾಲು ಬಿಲ್ಲಿನ ಹಾಗೆ ಬಾಗಿವೆ, ಬೀಸಣಿಗೆಯ ಕಡ್ಡಿಗಳಂತೆ ಉತ್ತರಕ್ಕೆ ಬಾಯಿ ತೆರೆದು, ಕೆಳಗೆ ಹತ್ತಿರ ಸೇರುತ್ತವೆ. ಎಣ್ಣೆ ಹಾಕುವ ಲಾಳಿಕೆಯೇ ಅನ್ನಿ. ಚೀನಾದಿಂದ ಬಂದ ಚಳಿ ನೇರ ನಿಮ್ಮ ಮನೆ ಬಾಗಿಲಿಗೆ. ಅದೇ ಪಶ್ಚಿಮಕ್ಕೆ 3,000 ಮೀಟರ್ ದಾಟುವ ಹೊಆಂಗ್ ಲಿಯೆನ್ ಸೊನ್ ಸಾಲು ಅಡ್ಡ ಇದೆ. ಅದರ ಆಚೆಯ ದಿಯೆನ್ ಬಿಯೆನ್ ಫು ಹನೋಯ್‌ಗಿಂತ ಸುಮಾರು 480 ಮೀಟರ್ ಎತ್ತರದಲ್ಲಿದ್ದರೂ ಜನವರಿಯಲ್ಲಿ ಹನೋಯ್‌ಗಿಂತ ತಣ್ಣಗಿಲ್ಲ.

ಆರಂಭದ ಚಳಿ ಒಣ, ಆಮೇಲಿನದು ಒದ್ದೆ ಅಂತ ನೀವು ಗಮನಿಸಿರಬೇಕು. ನವೆಂಬರ್–ಡಿಸೆಂಬರಿನಲ್ಲಿ ಗಾಳಿ ನೆಲದ ಮೇಲೇ ಬರುತ್ತೆ. ಜನವರಿ ಕಳೆಯುತ್ತ ಬಂದ ಹಾಗೆ ಅದರ ದಾರಿ ಪೂರ್ವಕ್ಕೆ ಸರಿದು ಟೊಂಕಿನ್ ಕೊಲ್ಲಿಯ ಮೇಲಿಂದ ಬರುತ್ತೆ, ನೀರು ಕುಡಿದು ಬರುತ್ತೆ. ನಿಮ್ಮ ಜರಡಿ ಮಳೆ ಅದು.


ಧಾರವಾಡದಾಕಿ

ಮೇಷ್ಟ್ರ, ಅಡ್ಡಬಿದ್ದೆ. ಗಂಡಗ, ಮಗಗ ಇಬ್ಬರಿಗೂ ಜೋರಾಗಿ ಓದಿ ಹೇಳಿದೆ. ಮಗಾ ಪರಾತ ತಗೊಂಡು ಅಡಗಿಮನ್ಯಾಗ ಹಿಮಾಲಯ ಕಟ್ಯಾನ, ಚಪಾತಿ ಹಿಟ್ಟಿಲೆ. ಇಲ್ಲಿ ಮೊಸರು ತುಟ್ಟಿ ಅದ, ಅದಕ್ಕ ಗಂಜಿ ಸುರದ್ವಿ.

ಬೀದರಿನ ಅಣ್ಣಾರು ಹೇಳಿದ್ದೂ ಖರೆ ಅದ. ನಾಗಪುರದಾಗ ನಸುಕಿನ್ಯಾಗ ಹಾಲು ತರಾಕ ಹ್ವಾದ್ರ ಕಿವಿ ಕಡದು ಬೀಳ್ತಿದ್ವು, ಮರತಬಿಟ್ಟಿದ್ದೆ. ಹಗಲಿನ ಬಿಸಲ ನೆನಪ ಉಳದದ, ರಾತ್ರಿದು ಹೋಗೇದ.

ಈಗ ಒಂದು ಸಂಗತಿ ನೆನಪಾತು. ಹೋದ ಡಿಸೆಂಬರ್ ಸೂಟ್ಯಾಗ ಇಲ್ಲಿಂದ ರಾತ್ರಿ ರೈಲಿಗೆ ಡಾ ನಾಂಗ್‌ಗ ಹೊಂಟಿದ್ವಿ. ಮುಂಜಾನೆ ಹ್ಯೂ ಸ್ಟೇಶನ್ ಬಂದಾಗ ಮೋಡ, ಜಿಟಿಜಿಟಿ ಮಳಿ, ಎಲ್ಲಾರೂ ಜಾಕೀಟ್ ಹಾಕ್ಕೊಂಡು ಮುದುಡಿ ಕುಂತಿದ್ರು. ಅಲ್ಲಿಂದ ಮುಂದ ಹಾಯ್ ವಾನ್ ಅಂತ ಘಾಟ ಬರ್ತದ. ರೈಲು ಸಮುದ್ರದ ದಂಡಿ ಹಿಡಕೊಂಡು, ಗುಡ್ಡದ ಕಾಲ ಸುತ್ತಿ ಸುತ್ತಿ ಹೋಗ್ತದ. ಒಂದ ಸುರಂಗದಾಗ ಮೋಡ ಇತ್ತು, ಅದರ ಮುಂದಿನ ತಿರುವಿನ್ಯಾಗ ಕಣ್ಣು ಕೋರೈಸೂ ಬಿಸಲು! ಎದುರಿಗೆ ಕುಂತ ಮುದುಕ ಜಾಕೀಟ್ ಬಿಚ್ಚಿ ಮಡಚಿ ಚೀಲದಾಗ ಇಟ್ಟ, ಗಡಿಯಾರ ನೋಡಿಕೊಂಡು ಇಡೂವರಂಗ. ದಿನಾ ಓಡಾಡವ ಇರಬೇಕು. ನಾ ಅವತ್ತು ಸುಮ್ಮನ ಮಳಿ ನಿಂತದ ಅಂದ್ಕೊಂಡೆ. ಇದೂ ಅದ ಲೆಕ್ಕ ಏನ್ರಿ?

ಮತ್ತೊಂದು. ಹಿಮಾಲಯ ಇಲ್ಲಾಗಿದ್ರ ನಾಗಪುರ ಹನೋಯ್ ಆಗ್ತಿತ್ತೇನು?


ಮೂಡಿಗೆರೆ_ತೋಟ

ಮೇಷ್ಟ್ರು ಉತ್ತರ ಕೊಡೋ ಮುಂಚೆ ನಂದೊಂದು. ನೀವೆಲ್ಲ ಉತ್ತರದ ಚಳಿ ಮಾತಾಡ್ತಿದ್ದೀರಿ. ನಮ್ಮ ಮನೇಲಿ ಮೂರು ತಲೆಮಾರಿಂದ ದಕ್ಷಿಣದ ಚಳಿಯ ಮೇಲೆ ಕಣ್ಣು. ಜುಲೈ ಬಂತು ಅಂದ್ರೆ, ಹೊರಗೆ ಧೋ ಅಂತ ಮಳೆ, ಅಜ್ಜ ರೇಡಿಯೋ ಕಿವಿ ಹಿಂಡ್ತಾ ಬ್ರೆಜಿಲ್‌ನ ಸುದ್ದಿಗೆ ಕಾಯ್ತಿದ್ರಂತೆ. ಅಲ್ಲಿ ಫ್ರಾಸ್ಟ್ ಬಿದ್ರೆ ಇಲ್ಲಿ ಕಾಫಿಗೆ ರೇಟು.

1975ರ ಜುಲೈ 18ರಂದು ಪರಾನಾ ರಾಜ್ಯದಲ್ಲಿ ಬಿದ್ದದ್ದನ್ನ ಅವರು ‘ಕಪ್ಪು ಫ್ರಾಸ್ಟ್’ ಅಂತಾರೆ. ಬಿಳೀ ಮಂಜಿನ ಪುಡಿ ಕಾಣ್ಸಲ್ಲ, ಗಾಳಿ ಅಷ್ಟು ಒಣ, ಅಷ್ಟು ತಣ್ಣಗೆ. ಗಿಡದ ಒಳಗಿನ ರಸವೇ ಹೆಪ್ಪುಗಟ್ಟಿ ಎಲೆ, ರೆಕ್ಕೆ (ಗಿಡದ ಅಡ್ಡ ಕೊಂಬೆ) ಎಲ್ಲ ಸುಟ್ಟಂಗೆ ಕಪ್ಪಾಗೋದು. ಆ ರಾಜ್ಯದ ಕಾಫಿ ಸೀಮೆ ಹೆಚ್ಚುಕಮ್ಮಿ ಪೂರ್ತಿ ಹೋಯ್ತು. ಎಷ್ಟೋ ಜನ ಕಾಫಿ ಕಿತ್ತು ಸೋಯಾ ಹಾಕಿದರು. ಆಗ ನಮ್ಮ ಫಸಲೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ (ಎಲ್ಲರದ್ದೂ ಒಟ್ಟು ಸೇರಿಸಿ ಬೋರ್ಡೇ ಮಾರೋದು) ಕೊಡಬೇಕಿತ್ತು, ದುಡ್ಡು ಕಂತು ಕಂತಾಗಿ ಬರೋದು. 1994ರಲ್ಲಿ ಜೂನ್ ಕೊನೆಗೊಂದ್ಸಲ, ಜುಲೈನಲ್ಲೊಂದ್ಸಲ ಮತ್ತೆ ಬಿತ್ತು. ಅಷ್ಟೊತ್ತಿಗೆ ಸ್ವಲ್ಪ ಭಾಗ ನಾವೇ ಮಾರ್ಕೋಬಹುದಿತ್ತು. ನಮ್ಮ ಮನೆಯ ಕಣ ಸಿಮೆಂಟ್ ಕಂಡಿದ್ದು ಆ ವರ್ಷದ ದುಡ್ಡಲ್ಲಿ. ಅಪ್ಪ ಮಾತ್ರ ಕಣದ ಮೂಲೇಲಿ ನಿಂತು ‘ಯಾರ್ದೋ ತೋಟ ಸುಟ್ಟ ದುಡ್ಡು ಕಣೋ ಇದು’ ಅಂದಿದ್ದು ನಂಗೆ ನೆನಪಿದೆ. 2021ರ ಜುಲೈ 20ರಂದು ಮಿನಾಸ್ ಜೆರೈಸ್ ಕಡೆ ಬಿದ್ದಾಗ ನಾನೇ ಫೋನಲ್ಲಿ ಅಲ್ಲಿಯ ತೋಟದ ವಿಡಿಯೋ ನೋಡ್ದೆ. ನಮ್ಮ ಗಿಡದ್ದೇ ಎಲೆ, ನಮ್ಮ ಸಾಲಿನದ್ದೇ ಅಂತರ. ರೇಟು ನೋಡೋಕೆ ಕೈ ಬರ್ಲಿಲ್ಲ, ಹತ್ತು ನಿಮಿಷ. ಆಮೇಲೆ ನೋಡ್ದೆ, ಸುಳ್ಳು ಯಾಕೆ ಹೇಳ್ಲಿ.

ಪ್ರಶ್ನೆ ಏನಂದ್ರೆ: ಪರಾನಾದ ಕಾಫಿ ಸೀಮೆ 23–24 ಡಿಗ್ರಿ ದಕ್ಷಿಣ. ಬೆಂಗಳೂರಿಗೆ 13 ಡಿಗ್ರಿ, ನಮಗೂ ಅಷ್ಟೇ, ನಮ್ಮನ್ನ ಬಿಡಿ. ಆದ್ರೆ ಅಲ್ಲಿಂದ ಇನ್ನೂ ಒಳಗೆ, ಅಮೆಜಾನ್ ಕಾಡಿನ ಆಕ್ರೆ ಅನ್ನೋ ಕಡೆ, 10 ಡಿಗ್ರಿ ದಕ್ಷಿಣದಲ್ಲೂ ಈ ಚಳಿ ಹೋಗುತ್ತಂತೆ, ‘ಫ್ರಿಯಾಜೆಂ’ ಅಂತಾರಂತೆ. ಅಲ್ಲಿ ಆಂಡಿಸ್ ಇದೆಯಲ್ಲ, ಅಷ್ಟೆತ್ತರ. ಅದ್ಯಾಕೆ ತಡೆಯಲ್ಲ?


ಅಕ್ರಾ_ಅಣ್ಣ (ಘಾನಾ)

ನಮ್ಮ ಕಡೆ ಬೆಟ್ಟವೂ ಇಲ್ಲ, ಚಳಿಯೂ ಇಲ್ಲ. ಯುರೋಪಿಂದ ಹೊರಟ ಚಳಿಗೆ ಮೊದಲು ಮೆಡಿಟರೇನಿಯನ್ ಸಮುದ್ರ, ಆಮೇಲೆ ಸಹಾರಾ. ನಮಗೆ ತಲುಪೋ ಹೊತ್ತಿಗೆ ‘ಹರ್ಮಟ್ಟನ್’ ಅಂತ ಬರೀ ದೂಳು. ತುಟಿ ಒಡೆಯುತ್ತೆ, ಬಿಳಿ ಕಾರು ಕಂದು ಆಗುತ್ತೆ, ಬೆಳಗ್ಗೆ ಒಂಚೂರು ತಂಪು ಅನ್ನಿಸುತ್ತೆ. ಸ್ವೆಟರ್ ಹಾಕುವ ಚಳಿ ಅದಲ್ಲ.


ಭೂಗೋಳ_ಮೇಷ್ಟ್ರು

ಅಕ್ರಾದವರು ನನ್ನ ಅರ್ಧ ಕೆಲಸ ಮುಗಿಸಿದರು. ಅಡ್ಡ ಬರೋದು ಬೆಟ್ಟವೇ ಆಗಬೇಕಿಲ್ಲ. ಬೆಚ್ಚನೆ ನೀರೂ ಸಾಕು.

ಮೂಡಿಗೆರೆಯವರೇ, ಆಂಡಿಸ್ ಮಲಗಿರೋ ದಿಕ್ಕು ನೋಡಿ. ಉತ್ತರ–ದಕ್ಷಿಣ. ಹಾಸನದ ಹುಡುಗ ರಾಕಿ ಬಗ್ಗೆ ಹೇಳಿದ ‘ಪಕ್ಕದ ಕಟ್ಟೆ’ ಇದೇ. ಅದಕ್ಕೆ ಇನ್ನೊಂದು ಸಂಗತಿ ಸೇರಿಸಿ. ಭೂಮಿ ತಿರುಗುವ ಕಾರಣಕ್ಕೆ ಉತ್ತರಾರ್ಧದಲ್ಲಿ ಚಲಿಸುವ ಗಾಳಿ ತನ್ನ ಬಲಕ್ಕೆ ವಾಲುತ್ತೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಕೆನಡಾದಿಂದ ಕೆಳಗಿಳಿಯುವ ಗಾಳಿಯ ಬಲಗಡೆ ಯಾವುದು? ಪಶ್ಚಿಮ, ರಾಕಿ. ಮಂಗೋಲಿಯಾದಿಂದ ಇಳಿಯುವುದರ ಬಲಗಡೆ? ಪಶ್ಚಿಮ, ಟಿಬೆಟ್, ಆಮೇಲೆ ವಿಯೆಟ್ನಾಂನ ಚುವೊಂಗ್ ಸೊನ್ ಸಾಲು. ದಕ್ಷಿಣ ಅಮೆರಿಕದ ಕೆಳತುದಿಯ ಪೆಟಗೋನಿಯಾದಿಂದ ಮೇಲೇರುವುದರ ಎಡಗಡೆ? ಮತ್ತೆ ಪಶ್ಚಿಮ, ಆಂಡಿಸ್! ಮೂರು ಕಡೆಯೂ ಗಾಳಿ ಬೆಟ್ಟದ ಮೈಗೆ ಒತ್ತಿಕೊಂಡು, ಚದುರದೆ, ಗೋಡೆ ಸವರಿಕೊಂಡು ಉಷ್ಣವಲಯದ ಒಳಕ್ಕೆ ಓಡುತ್ತೆ. ಆಂಡಿಸ್ ಪಕ್ಕದ ದಾರಿ ಹೀಗೆ: ಅರ್ಜೆಂಟೀನಾದ ಬಯಲು, ಬೊಲಿವಿಯಾದ ಸಾಂತಾ ಕ್ರೂಸ್ (ಅಲ್ಲಿ ಅದಕ್ಕೆ ‘ಸುರಾಸೊ’), ಆಕ್ರೆ. ರಾಕಿ, ಟಿಬೆಟ್, ಆಂಡಿಸ್ ಪಕ್ಕದ ಈ ಮೂರು ದಾರಿ ಬಿಟ್ಟರೆ ಇಷ್ಟು ಒಳಗೆ ಬರುವ ಚಳಿ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ ಅಂದರೂ ತಪ್ಪಾಗಲಾರದು.

ನಿಮ್ಮ ಹತ್ತಿರದ ಊಟಿ, ಮುನ್ನಾರ್ ಕಣಿವೆಗಳಲ್ಲಿ ಬೀಳೋ ಫ್ರಾಸ್ಟ್ ಬೀದರ್ ಜಾತಿಯದ್ದು, ಮನೆ ಹೆಪ್ಪು. ಬಿಸಿಲಿಗೆ ಕರಗುತ್ತೆ.

ಧಾರವಾಡದ ತಾಯೀ, ಹಾಯ್ ವಾನ್ ಅದೇ ಲೆಕ್ಕ, ನೂರಕ್ಕೆ ನೂರು. ಅಲ್ಲಿ ಬಾಕ್ ಮಾ ಅನ್ನೋ ಬೆಟ್ಟದ ಸಾಲು ಕವಲೊಡೆದು ಸಮುದ್ರದ ತನಕ ಅಡ್ಡ ಬರುತ್ತೆ. ಅಷ್ಟು ದೂರ ಬಂದು ಸಣ್ಣಗಾದ ಚಳಿಗೆ ಹಿಮಾಲಯ ಬೇಕಿಲ್ಲ, ಸಾವಿರ ಮೀಟರಿನ ಗುಡ್ಡ ಸಾಕು. ನಿಮ್ಮ ರೈಲು ವಿಜಯಪುರ–ಬಾಗಲಕೋಟೆಯ ಅಕ್ಷಾಂಶದಲ್ಲಿತ್ತು ಆಗ. ಸೈಬೀರಿಯಾದ ಗಾಳಿಯ ಬಾಲವನ್ನು ವಿಜಯಪುರದ ಅಕ್ಷಾಂಶದಲ್ಲಿ ನೋಡಿದ್ದೀರಿ. ನಾನು ಇಷ್ಟು ವರ್ಷ ಪಾಠ ಮಾಡಿದವನು, ಇದನ್ನ ಕಂಡಿಲ್ಲ.

ಸಮುದ್ರದ ಮೇಲೆ ಹೋದದ್ದು ಮಾತ್ರ ಅಲ್ಲಿಗೆ ನಿಲ್ಲಲ್ಲ. ದಕ್ಷಿಣ ಚೀನಾ ಸಮುದ್ರದಲ್ಲಿ ಚಳಿ ಕಳಕೊಂಡು, ಬರೀ ಗಾಳಿಯಾಗಿ ಮಲೇಷ್ಯಾದ ಪೂರ್ವ ತೀರಕ್ಕೆ ಮಳೆ ಸುರಿಸುತ್ತೆ. 2001ರ ಡಿಸೆಂಬರ್ 27ರಂದು ಅದು ಬೋರ್ನಿಯೋ ಬದಿಯ ಸುಳಿಯನ್ನು ಸುತ್ತಿಕೊಂಡು, ಸಿಂಗಪುರದ ಹತ್ತಿರ, ಸಮಭಾಜಕದಿಂದ ಒಂದೂವರೆ ಡಿಗ್ರಿಯೊಳಗೆ ‘ವಾಮೇ’ ಅನ್ನೋ ಚಂಡಮಾರುತವನ್ನೇ ಹುಟ್ಟಿಸಿತು. ಅಲ್ಲಿ ಚಂಡಮಾರುತ ಆಗಲ್ಲ ಅಂತ ನಾನು ಅದೇ ವರ್ಷ ಜೂನ್‌ನಲ್ಲಿ ಕಪ್ಪುಹಲಗೆ ಮೇಲೆ ಬರೆದಿದ್ದೆ.

ಹಿಮಾಲಯ ಇಲ್ಲದಿದ್ದರೆ? ನಾಗಪುರಕ್ಕೆ ಹನೋಯ್‌ನ ಜನವರಿ ಬರುತ್ತಿತ್ತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಅದಕ್ಕಿಂತ ದೊಡ್ಡದು ಜೂನಿನ ಮಾತು. ಬೂಸ್ ಮತ್ತು ಕುವಾಂಗ್ ಅಂತ ಇಬ್ಬರು ವಿಜ್ಞಾನಿಗಳು 2010ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಟಿಬೆಟ್ಟನ್ನು ಅಳಿಸಿ, ಹಿಮಾಲಯದ ತೆಳ್ಳನೆ ಗೋಡೆಯನ್ನಷ್ಟೇ ಉಳಿಸಿ ನೋಡಿದರು. ಮುಂಗಾರು ಹೆಚ್ಚೇನೂ ಬದಲಾಗಲಿಲ್ಲ. ಉತ್ತರದ ತಣ್ಣನೆ ಒಣ ಗಾಳಿ ನಮ್ಮ ಒದ್ದೆ ಗಾಳಿಗೆ ಬೆರೆಯದ ಹಾಗೆ ಆ ಗೋಡೆ ಕಾಯೋದೇ ಮುಖ್ಯ ಅಂತ ಅವರ ವಾದ. ಟಿಬೆಟ್ ಕಾದು ಮುಂಗಾರನ್ನು ಎಳೆಯುತ್ತೆ ಅಂತ ನಾನು ಪಾಠ ಮಾಡಿದ್ದೆ. ಹಳೇ ವಿದ್ಯಾರ್ಥಿಗಳು ಯಾರಾದರೂ ಓದುತ್ತಿದ್ದರೆ ಆ ಪುಟ ತಿದ್ದಿಕೊಳ್ಳಿ.


ಬೀದರ್_ಕೋಟೆ

ಮನಿ ಹೆಪ್ಪು. ಒಪ್ಪಿದೆ ಮೇಷ್ಟ್ರ. ಟೈರ್ ಮಾತ್ರ ಸುಡೂದು ಬಿಡಂಗಿಲ್ಲ.


ಧಾರವಾಡದಾಕಿ

ನಾಳೆ ಮುಂಜಾನೆ 12 ಅಂತ ತೋರಸ್ಲಿಕ್ಕತ್ತದ. ಸಾಲಿ ಅದ. ಹುಡುಗ ಸಿಟ್ಟಿಲೆ ಪರಾತದಾಗಿನ ಹಿಮಾಲಯ ಕೆಡವ್ಯಾನ. ಹಿಟ್ಟು ಹಾಳಾಗಬಾರದಂತ ಅದನ್ನ ಮತ್ತ ನಾದಿ ನಾಕು ಚಪಾತಿ ಮಾಡಿದೆ, ಗಂಜಿ ವಾಸನಿ ಬರ್ತದ, ಆದ್ರೂ ತಿಂದ್ವಿ. ಹಿಟ್ಟಿನ ಡಬ್ಬಿ ಇವತ್ತು ಓವನ್‌ನಾಗ ಇಟ್ಟು ಬರೇ ಲೈಟ್ ಹಚ್ಚೇನಿ. ಉಬ್ಬಿದ್ರ ಹೇಳ್ತೀನಿ.